ಚಾಕಿ ಹುಳವೂ ಕಾರಿನ ತಂಪುಗಾಳಿಯೂ

ಸುಮ್ಮನೆ ಕೂರುವುದು ನನ್ನ ಜಾಯಮಾನವೇ ಅಲ್ಲ. ತೊಂಬತ್ತರ ದಶಕದ ಕೊನೆಗೆ ಎಸಿ ಇರುವ ಹಳೇ ಕಾರೊಂದನ್ನು ಕೊಂಡ ಮೇಲಂತೂ ಯಾರಾದರೂ ಕರೆಯಲಿ ಎಂದೇ ಚಡಪಡಿಸುತ್ತಿದ್ದೆ. ಮಂಡಿಕಲ್ ಕಡೆಗೆ ಕೊಟ್ಟಿದ್ದ ನಮ್ಮಕ್ಕ ಕರೆದಳು. ಅವಳ ಅತ್ತೆ ರೇಷ್ಮೆ ಹುಳ ಸಾಕುವುದನ್ನು ಅದುವರೆಗೆ ಯಾರ ಕೈಗೂ ಬಿಟ್ಟವರಲ್ಲ. ಆ ಸಲ ಮಾತ್ರ, "ಈ ಬೆಳೆ ನೀನೇ ತೆಗಿಯಮ್ಮ, ನೋಡಣ" ಎಂದಿದ್ದರಂತೆ. ಅಕ್ಕನಿಗೆ ಹಿಗ್ಗೂ ಹೆದರಿಕೆಯೂ ಒಟ್ಟಿಗೇ ಬಂದಿದ್ದವು.

ಶಿಡ್ಲಘಟ್ಟದಿಂದ ಚಾಕಿ ಹುಳ, ಅಂದರೆ ಎರಡು ಸಲ ಪೊರೆ ಬಿಟ್ಟ ಎಳೆ ಹುಳ, ತರಬೇಕಿತ್ತು. ಹುಳಕ್ಕೆ ಯಾವ ವಾಸನೆಯೂ ಆಗದೆಂದು ಅಕ್ಕ ಅವತ್ತು ಹೂ ಮುಡಿದಿರಲಿಲ್ಲ, ಪೌಡರೂ ಹಾಕಿರಲಿಲ್ಲ. ವಾಪಸು ಬರುವಾಗ ಹುಳದ ತಟ್ಟೆಗಳಿಗೆ ಕಾಗದ ಮುಚ್ಚಿ, ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಕೂತಳು.

ದಾರಿಯಲ್ಲಿ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಿದ್ದರು. ಗಾಜು ಏರಿಸಿಯೇ ಇದ್ದರೂ ಘಾಟು ಒಳಗೆ ಬಂತು. ನೋಡಿದರೆ ಎಸಿಯ ಕಡ್ಡಿ ಹೊರಗಿನ ಗಾಳಿಯ ಕಡೆಗಿತ್ತು. ಥತ್! ಅದನ್ನು ಆಚೆ ತುದಿಗೆ ಎಳೆದೆ. ಹಾಗೆ ಎಳೆದರೆ ಒಳಗೊಂದು ಮುಚ್ಚಳ ಬಿದ್ದು ಹೊರಗಿನ ಗಾಳಿ ನಿಲ್ಲುತ್ತದೆ. ಕಾರಿನಲ್ಲಿರುವ ಗಾಳಿಯನ್ನೇ ಫ್ಯಾನು ಎಳೆದು, ತಂಪು ಮಾಡಿ, ಮತ್ತೆ ಮತ್ತೆ ಊದುತ್ತದೆ.

"ವಾಸ್ನೆ ಇಲ್ಲೇ ಐತೆ ಕಣೋ. ತೋಟ ದಾಟಿದ್ವಲ್ಲ, ಗಾಜು ಇಳಿಸಪ್ಪ," ಅಂದಳು ಅಕ್ಕ.

"ಹೊರಗೆ ವಿಷ ಐತೆ, ಸುಮ್ನೆ ಕೂತ್ಕೊಳಕ್ಕ! ಕಾರಿನ ವಿಷಯ ನಂಗೆ ಗೊತ್ತಿಲ್ವಾ?"

ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ರೇಗಿದೆ. ಆಗಲೇ ಒಳಗೆ ಸೇರಿದ್ದ ಘಾಟನ್ನು ನಾನೇ ಕೂಡಿ ಹಾಕಿ, ಹುಳಗಳ ಮೇಲೆ ಸುತ್ತಿಸಿ ಸುತ್ತಿಸಿ ಊದಿಸುತ್ತಿದ್ದೇನೆ ಎಂದು ಈ ಮಂಡೆಗೆ ಹೊಳೆಯಲೇ ಇಲ್ಲ. ಮುಂದೆ ಊರು ಮುಟ್ಟುವತನಕ ಹೊರಗೆ ಬರೀ ರಾಗಿ ಹೊಲಗಳು, ಒಳ್ಳೆಯ ಗಾಳಿ.

ಮನೆಯಲ್ಲಿ ಕಾಗದ ಸರಿಸಿದರೆ ಹುಳಗಳು ತಲೆ ಎತ್ತಿಕೊಂಡು ಹಸಿರು ನೀರು ಕಕ್ಕುತ್ತಿದ್ದವು. ಹೋಗಲು ಮನಸ್ಸಾಗದೆ ಅಲ್ಲೇ ಉಳಿದೆ. ಮಾರನೆಯ ಮಧ್ಯಾಹ್ನದೊಳಗೆ ಅಷ್ಟೂ ತಿಪ್ಪೆಗುಂಡಿ ಸೇರಿದವು.

"ಏನಮ್ಮ ಮಾಡ್ದೆ?" ಎಂದರು ಅತ್ತೆ.

ಅಕ್ಕ ನನ್ನ ಕಡೆ ನೋಡಲಿಲ್ಲ. "ತೋಟದ ಹತ್ರ ನಾನೇ ಗಾಜು ಇಳಿಸ್ದೆ ಅತ್ತೆ. ಅವ್ನು ಬೇಡ ಅಂದ, ನಾನೇ ಕೇಳ್ಲಿಲ್ಲ."

ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. "ಇನ್ಮೇಲೆ ಹುಳದ ಮನೆಗೆ ಕಾಲಿಡ್ಬೇಡ," ಎಂದು ಅವಳಿಗೆ ಹೇಳಿದ ಅತ್ತೆ ನನ್ನ ಕೈಗೆ ಕಾಫಿ ಕೊಟ್ಟರು. ನಾಚಿಕೆಗೆಟ್ಟವನು, ಪೂರ್ತಿ ಕುಡಿದೆ.