ಶಿವಕಾಂತಮ್ಮನ ಚೊಲೋ ಗಲ್ಲ

ವಾಡಿ ಸ್ಟೇಷನ್ ಹೊರಗಿನ ಖಾನಾವಳಿಯಲ್ಲಿ ಉಂಡವರಿಗೆ ತೆಂಗಳಿಯ ಶಿವಕಾಂತಮ್ಮನ ಕೈರುಚಿ ಗೊತ್ತು. ಮುಖ ಗೊತ್ತಿರಲಿಕ್ಕಿಲ್ಲ. ಗೋಡೆ ಕಡೆ ತಿರುಗಿ ಕುಂತು ಜೋಳದ ರೊಟ್ಟಿ ಬಡಿಯುವ ಹೆಂಗಸಿನ ಮುಖ ಯಾರು ನೋಡುತ್ತಾರೆ? ಒಲೆ ಹೊತ್ತಿಸುವ ಮುಂಚೆ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಿ ಎಡಗಲ್ಲದೊಳಗೆ ಒತ್ತಿಕೊಂಡರೆ ಹಸಿವು, ಹೊಗೆ, ಸೊಂಟನೋವು ಎಲ್ಲಾ ಮಧ್ಯಾಹ್ನದ ತನಕ ಸುಮ್ಮನಿರುತ್ತಿದ್ದವು.

ಹೋದ ವರ್ಷ ಆ ಗಲ್ಲದಲ್ಲಿ ಹುಣ್ಣಾಯಿತು. ಖಾರ ತಾಗಿದರೆ ಜೀವ ಹೋದಂತೆ. ಸೊಸೆ ಸರಿತಾ ಹಟ ಹಿಡಿದು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಕ್ಯಾನ್ಸರ್ ಅಂದರು, ಆಪರೇಷನ್ ಅಂದರು.

ಆಪರೇಷನ್ನಿನ ಹಿಂದಿನ ದಿನ ಮಂಚದ ಹತ್ತಿರ ಬಂದವಳು ಭಾಗ್ಯಶ್ರೀ. ಸೇಡಂ ಕಡೆಯ ಹುಡುಗಿ, ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ.

"ಆಯಿ, ಎಡಗಲ್ಲದ ಗಡ್ಡಿಯಿಂದ ಒಂದ್ ಚೂರು, ಬಲಗಲ್ಲದ ಚೊಲೋ ಚರ್ಮದಿಂದ ಒಂದ್ ಚೂರು ತಗೋತೀವ್ರಿ. ಗಾಜಿನ ಪಟ್ಟಿ ಮ್ಯಾಲ ಸಣ್ಣ ಸಣ್ಣ ಚುಕ್ಕಿ ಇರ್ತಾವ. ಒಂದೊಂದು ಚುಕ್ಕಿ ಒಂದೊಂದು ಥರದ ಪ್ರೋಟೀನ್ ಹಿಡೀತದ, ಹಿಡಿದದ್ದು ಹೊಳೀತದ. ಕೆಟ್ಟದ್ದರ ಪಟ್ಟಿ, ಚೊಲೋದರ ಪಟ್ಟಿ ಬಾಜೂಕ ಬಾಜೂಕ ಇಟ್ಟು ಫರಕ್ ನೋಡ್ತೀವಿ. ಮುಂದ ಮಂದಿಗೆ ರೋಗ ಲಗೂನ ಗೊತ್ತಾಗ್ಲಿ ಅಂತ."

"ರೊಟ್ಟಿ ತಿರುವಿ ಯಾವ ಬಾಜೂ ಹೊತ್ತದ ನೋಡಿದಂಗ ಅನ್ನು. ಒಯ್ಯಿ ತಾಯಿ. ಹೆಂಗೂ ಈ ಗಲ್ಲಕ್ಕ ಮುತ್ತು ಕೊಡಾವ್ರು ಯಾರೂ ಉಳಿದಿಲ್ಲ."

"ಅತ್ತೀ! ಸಣ್ಣ ಹುಡುಗಿ ಮುಂದ ಏನು ಮಾತ್ರಿ," ಸರಿತಾ ಸೆರಗಿನಲ್ಲಿ ನಕ್ಕಳು.

"ತಂಬಾಕು ಬಿಟ್ಟೀರೇನ್ರಿ ಆಯಿ?"

ಸೊಸೆ ಎದುರಿಗೇ ನಿಂತಿದ್ದಳು. "ಬಿಟ್ಟು ಭಾಳ ದಿನ ಆತು," ಅಂದಳು ಶಿವಕಾಂತಮ್ಮ.

ಅವಳ ಲೆಕ್ಕದಲ್ಲಿ ಅದು ಪೂರಾ ಸುಳ್ಳಲ್ಲ. ಎಡಕ್ಕೆ ಉರಿ ಶುರುವಾದ ಮೇಲೆ ಎಡಕ್ಕೆ ಬಿಟ್ಟಿದ್ದಳು. ಬಲಕ್ಕೆ ಇಡುತ್ತಿದ್ದಳು. ನಮ್ಮ ಕಡೆಯ ಎಷ್ಟೋ ಮಂದಿ ಹೀಗೇ, ಒಂದು ಗಲ್ಲ ಸೋತರೆ ಇನ್ನೊಂದು. ಬಾಯಿಯ ಮೇಲೇ ಸಂಶೋಧನೆ ಮಾಡುವವರು "ಯಾವ ಬಾಜೂ ಇಡ್ತೀರಿ" ಅಂತ ಒಂದು ಮಾತು ಕೇಳಲಿಲ್ಲ. ಬಲಗಲ್ಲದ ಚೂರು ಒಯ್ದು ಅದಕ್ಕೆ 'ಆರೋಗ್ಯವಂತ' ಅಂತ ಚೀಟಿ ಅಂಟಿಸಿದರು.

ಪ್ರಯೋಗಾಲಯದಲ್ಲಿ ಎಲ್ಲರ ಚೊಲೋ ಪಟ್ಟಿ ಮಂಕಾಗಿದ್ದಲ್ಲಿ ಶಿವಕಾಂತಮ್ಮನದು ಹೊಳೆಯಿತು. ಗಡ್ಡೆಯಷ್ಟಲ್ಲ, ಆದರೆ ಗಡ್ಡೆ ಹೊಳೆದ ಚುಕ್ಕಿಗಳಲ್ಲೇ.

"ಕಲಬೆರಕೆ ಆಗಿದೆ, ಈ ಕೇಸ್ ಬಿಡು," ಅಂದರು ಮೇಲಿನ ಸಾಹೇಬರು.

"ಸರ್, ಎರಡೂ ಚೂರು ನಾನೇ ಕೈಯಾರೆ ಬೇರೆ ಬೇರೆ ತುಂಬಿದ್ದು. ಇನ್ನೊಮ್ಮೆ ಮಾಡಿದೆ, ಹಾಗೇ ಬಂತು. ಅವರಿಗೊಂದು ಫೋನ್..."

"ಇದು ಸಂಶೋಧನೆ. ರೋಗಿಗೆ ಕೊಡುವ ರಿಪೋರ್ಟ್ ಅಲ್ಲ."

ನಿಯಮ ಇರಬಹುದು. ಖಾತ್ರಿಯಿಲ್ಲದ್ದನ್ನು ಹೇಳಿ ಬಡವರನ್ನು ಹೆದರಿಸಬಾರದು ಅನ್ನುವುದೂ ಸರಿಯೇ. ಆದರೆ "ಒಮ್ಮೆ ಬಂದು ಬಲಗಲ್ಲ ತೋರಿಸಿ ಹೋಗ್ರಿ" ಅನ್ನಲಿಕ್ಕೆ ಯಾವ ನಿಯಮ ಅಡ್ಡ ಬಂದಿತ್ತು ಸ್ವಾಮಿ? ಚರ್ಮ ಕೇಳಲಿಕ್ಕೆ ಮಂಚದ ತನಕ ಬಂದಿರಲ್ಲ!

ಇತ್ತ ಶಿವಕಾಂತಮ್ಮ ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಒಲೆ ಮುಂದೆ ಕುಂತಳು. ತಪಾಸಣೆಗೆ ಬಾ ಅಂದಿದ್ದರು, ಹೋಗಲಿಲ್ಲ. ಕೆಟ್ಟದ್ದನ್ನು ಕಡಿದು ಒಗೆದಾಯ್ತಲ್ಲ ಅನ್ನುವ ಧೈರ್ಯ.

ಶ್ರಾವಣದಲ್ಲಿ ಊರಿಗೆ ಹೊರಟಿದ್ದ ಭಾಗ್ಯಶ್ರೀ ಮನಸ್ಸು ತಡೆಯದೆ ವಾಡಿಯಲ್ಲಿ ಇಳಿದಳು. ಖಾನಾವಳಿ ಹುಡುಕಿ ಹೋದರೆ, ಶಿವಕಾಂತಮ್ಮ ಅಂಗೈ ತಿಕ್ಕಿ ಬೆರಳು ಬಲಗಲ್ಲಕ್ಕೆ ಒಯ್ಯುತ್ತಿದ್ದಳು.

"ಆಯಿ! ಬಿಟ್ಟೀನಿ ಅಂದಿದ್ರಿ!"

"ಎಡಕ್ಕ ಬಿಟ್ಟೀನಲ್ಲ ಬೇ. ಇದು ಚೊಲೋ ಗಲ್ಲ. ನೀವೇ ಅಂದಿದ್ರಿ."

ಹುಡುಗಿ ಅಲ್ಲೇ ಶಹಾಬಾದ್ ಕಲ್ಲಿನ ಕಟ್ಟೆಗೆ ಕುಂತುಬಿಟ್ಟಳು. ಹೊಳೆದ ಚುಕ್ಕಿಗಳ ಸಂಗತಿ ಹೇಳಿದಳು. ಅತ್ತೆಯ ಸಂಗಡ ಕೆಲಸಕ್ಕೆ ಬಂದು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಸರಿತಾ ಮಾತು ಕೇಳಿ ಎದ್ದು ಬಂದಳು.

"ನಿಮಗ ಇದು ಯಾವಾಗ ಗೊತ್ತಾತ್ರಿ?"

"ಸಂಕ್ರಾಂತಿ ಹೊತ್ತಿಗೆ."

ಸರಿತಾ ಅವಳನ್ನು ಬೈಯಲಿಲ್ಲ. ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. "ಉಗುಳ್ರಿ ಮೊದಲ! ನನಗ ಸುಳ್ಳು ಹೇಳಿ ಯಾರಿಗೆ ಮೋಸ ಮಾಡಿದ್ರಿ?"

ಶಿವಕಾಂತಮ್ಮ ಉಗುಳಿದಳು. ಬಾಯಿ ಮುಕ್ಕಳಿಸಿ ಬಾಗಿಲ ಬೆಳಕಿಗೆ ಬಂದು, ಹೊಲಿಗೆಯ ಗಾಯದಿಂದ ಬಿಗಿದ ಬಾಯನ್ನು ಆದಷ್ಟು ತೆರೆದಳು. ಭಾಗ್ಯಶ್ರೀ ಮೊಬೈಲ್ ಬೆಳಕು ಹಿಡಿದಳು. ಬಲಗಲ್ಲದ ಒಳಗೆ, ತಂಬಾಕು ಕುಂದ್ರುವ ಜಾಗದಲ್ಲೇ, ಸುಣ್ಣ ಬಳಿದಂಥ ಬಿಳಿ ಮಚ್ಚೆ. ಬೆರಳಿನಿಂದ ಒರೆಸಿದರೆ ಹೋಗಲಿಲ್ಲ.

"ಏನದ?" ಬಾಯಿ ತೆರೆದುಕೊಂಡೇ ಶಿವಕಾಂತಮ್ಮ ಕೇಳಿದಳು.

ಸರಿತಾ ಒಲೆಗೆ ನೀರು ಸುರಿದಳು.

"ನಡೀರಿ ಅತ್ತಿ, ಮುಂದಿನ ಗಾಡಿಗೆ ಹೋಗಾಮು."