ಹಸಿ ಅನಾನಸಿನ ಒಂದು ಚಮಚ

ಕಾಲೇಜಿನ ಲ್ಯಾಬಿಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಕೋಟನ್ನು ಸಬೀನಾ ಈಗ ಬಂಗುಡೆ ಮೀನು ಕಾಯಿಸುವಾಗ ತೊಡುತ್ತಾಳೆ. ಎಣ್ಣೆ ಹಾರಿದರೂ ಚೂಡಿದಾರ ಉಳಿಯುತ್ತದೆ. ಬಿಸಾಡಲು ಮನಸ್ಸಾಗದ ವಸ್ತುವಿಗೆ ಏನಾದರೂ ಒಂದು ಕೆಲಸ ಕೊಡಬೇಕಲ್ಲ.

ಕಾಟಿಪಳ್ಳದ ಈ ಮನೆಗೆ ಮದುವೆಯಾಗಿ ಬಂದ ಮೇಲೂ ಪೇಟೆಗೆ ಹೋಗುವ ಸ್ಟೇಟ್‌ಬ್ಯಾಂಕ್ ಬಸ್ಸು ಹಿಡಿದು ಬಿ.ಎಸ್ಸಿ. ಓದಲು ಹೋಗುತ್ತಿದ್ದವಳು ಅವಳು. ಕೊನೆಯ ವರ್ಷದಲ್ಲಿ ಮರ್ವಾ ಹೊಟ್ಟೆಯಲ್ಲಿದ್ದಳು. ಲ್ಯಾಬಿನ ವಾಸನೆಗೇ ವಾಂತಿ. ಮುಂದಿನ ವರ್ಷ ಹೋದರಾಯಿತು ಎಂದು ನಿಲ್ಲಿಸಿದಳು. ಮರ್ವಾ ಅಂಗನವಾಡಿಗೆ ಹೋಗುವಷ್ಟು ದೊಡ್ಡವಳಾದರೂ ಆ ಮುಂದಿನ ವರ್ಷ ಬರಲಿಲ್ಲ. ಲ್ಯಾಬಿನಲ್ಲಿ ಜೊತೆಗಿದ್ದ ಡ್ಯಾಫ್ನಿ ಮೊನ್ನೆ ಫೋನು ಮಾಡಿ, ಸಿಲೆಬಸ್ ಬದಲಾಗುತ್ತಿದೆ, ಈ ಜೂನಿನಲ್ಲಿ ಸೇರದಿದ್ದರೆ ಮತ್ತೆ ಮೊದಲಿನಿಂದ ಓದಬೇಕಾದೀತು ಎಂದು ಎಚ್ಚರಿಸಿದ್ದಳು. ದಮ್ಮಾಮಿನಲ್ಲಿ ಕೆಲಸಕ್ಕಿರುವ ಗಂಡ ಅರ್ಶದ್, ತನ್ನದೇನೂ ಅಡ್ಡಿಯಿಲ್ಲ, ಮಗುವನ್ನು ನೋಡಿಕೊಳ್ಳಬೇಕಾದವರು ಉಮ್ಮ, ಅವರನ್ನೇ ಕೇಳು ಎಂದು ಜಾರಿಕೊಂಡಿದ್ದ. ಅತ್ತೆ ಝೈನಬ್‌ರನ್ನು ಕೇಳುವ ಮಾತು ಸಬೀನಾಳ ನಾಲಗೆಯ ತುದಿಯವರೆಗೆ ಬರುವುದು, ಅಲ್ಲಿಂದಲೇ ಹಿಂದೆ ಹೋಗುವುದು.

ರಂಝಾನಿನ ಒಂದು ಸಂಜೆ ಮನೆಗೆ ನೆಂಟರನ್ನು ಕರೆದಿದ್ದರು. ಝೈನಬ್ ಮಾಡುವ ಚೈನಾಗ್ರಾಸ್ ಪುಡ್ಡಿಂಗಿಗೆ ಕುಟುಂಬದಲ್ಲಿ ದೊಡ್ಡ ಹೆಸರು. ಈ ಸಲ ಅರ್ಶದ್ ಊರಿಗೆ ಹೊರಟ ಸ್ನೇಹಿತನ ಕೈಯಲ್ಲಿ ಹಲಾಲ್ ಜೆಲಾಟಿನ್ ಪುಡಿ ಕಳಿಸಿದ್ದ. ಅಲ್ಲಿ ಎಲ್ಲರೂ ಅದರಲ್ಲೇ ಮಾಡುವುದಂತೆ. ಸಬೀನಾ ಹಾಲು ಗಟ್ಟಿಯಾಗಲು ಚೈನಾಗ್ರಾಸಿನ ಬದಲು ಅದನ್ನು ಹಾಕಿ, ಅತ್ತೆ ಹಾಕುವ ಹಾಗೆಯೇ ಹಸಿ ಅನಾನಸಿನ ಚೂರುಗಳನ್ನು ಬೆರೆಸಿ, ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಟ್ಟಳು. ಸಂಜೆ ಉಪವಾಸದ ನೋಂಬು ಬಿಟ್ಟ ಮೇಲೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

"ಝೈನಬ್, ಗ್ಲಾಸ್ ತೆಕ್ಕೊಂಡು ಬಾ. ಸೊಸೆ ಶರಬತ್ತು ಮಾಡಿದ್ದಾಳೆ," ಎಂದರು ಝೈನಬ್‌ರ ಅಣ್ಣ ಮೂಸಬ್ಬ.

ಎಲ್ಲರೂ ನಕ್ಕರು. ಅತ್ತೆ ಸೆಕೆಯ ಮೇಲೆ, ಹೋಗಿ ಬಂದು ಮಾಡುವ ಕರೆಂಟಿನ ಮೇಲೆ ತಪ್ಪು ಹೊರಿಸಿ ಸೊಸೆಯ ಮಾನ ಉಳಿಸಿದರು. ಸಬೀನಾ ಮಾತ್ರ ಪಾತ್ರೆಯನ್ನು ಓರೆ ಮಾಡಿ ಮತ್ತೆ ಮತ್ತೆ ನೋಡುತ್ತ ನಿಂತಿದ್ದಳು. ಬಹಳ ಕಾಲದಿಂದ ಯಾರೂ ಹೆಸರು ಹಿಡಿದು ಕರೆಯದವಳನ್ನು ಯಾರೋ ಕರೆದಂತಾಗಿತ್ತು.

ಮರುದಿನ ಉಳಿದ ಪುಡಿಯಲ್ಲಿ, ಅನಾನಸು ಹಾಕದೆ, ಎರಡು ಸಣ್ಣ ಬಟ್ಟಲು ಪುಡ್ಡಿಂಗ್ ಮಾಡಿದಳು. ಎರಡೂ ಗಟ್ಟಿಯಾದವು. ಒಂದರ ಮೇಲೆ ಒಂದು ಚಮಚ ಹಸಿ ಅನಾನಸಿನ ರಸ, ಇನ್ನೊಂದರ ಮೇಲೆ ಅಷ್ಟೇ ರಸವನ್ನು ಕುದಿಸಿ ಆರಿಸಿ ಹೊಯ್ದಳು. ಸೆಕೆಯ ಮಾತು ಬರಬಾರದೆಂದು ಎರಡನ್ನೂ ಫ್ರಿಜ್ಜಿನ ಒಂದೇ ಅರೆಯಲ್ಲಿಟ್ಟಳು. ನೋಂಬು ಹಿಡಿದವಳು ರುಚಿ ನೋಡುವಂತಿಲ್ಲ, ಕಣ್ಣಲ್ಲಿ ನೋಡುವುದಷ್ಟೇ. ಪದೇ ಪದೇ ಫ್ರಿಜ್ಜಿನ ಬಾಗಿಲು ತೆಗೆದು ಇಣುಕುವ ತಾಯಿಯನ್ನು ಕಂಡು ಮರ್ವಾ, ಒಳಗೆ ಬೆಕ್ಕಿನ ಮರಿ ಉಂಟಾ ಎಂದು ಕೇಳಿದಳು.

ಕಾಯುತ್ತ ಕೂತವಳಿಗೆ ಲ್ಯಾಬಿನ ಮಧ್ಯಾಹ್ನಗಳು ನೆನಪಾದವು. ಬಾಟಲಿಯೊಳಗಿನ ಹೈಡ್ರೋಜನ್ ಪೆರಾಕ್ಸೈಡ್ ನೀರಿನ ಹಾಗೆ ಸುಮ್ಮನೆ ಕೂತಿರುತ್ತಿತ್ತು. ತಾನಾಗಿ ಒಡೆಯಲು ಅದಕ್ಕೆ ತಿಂಗಳುಗಟ್ಟಲೆ ಬೇಕು. ಡ್ಯಾಫ್ನಿ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಪುಡಿ ಉದುರಿಸಿದಳೋ ಇಲ್ಲವೋ, ಗಾಜಿನ ನಳಿಗೆ ಬುರುಬುರು ಉಕ್ಕುವುದು. ಗುಡ್ಡ ಹತ್ತಿ ಇಳಿಯಬೇಕಾದವರಿಗೆ ಯಾರೋ ಬದಿಯ ತಗ್ಗು ದಾರಿ ತೋರಿಸಿದ ಹಾಗೆ, ಎಂದು ಮೇಡಂ ಹೇಳುತ್ತಿದ್ದರು. ಎಲ್ಲ ತಣ್ಣಗಾದ ಮೇಲೆ ಆ ಪುಡಿಯನ್ನು ಸೋಸಿ, ಒಣಗಿಸಿ ತೂಗಿದರೆ ಹಾಕಿದಷ್ಟೇ ತೂಕ. ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಆ ಗಳಿಗೆ ಅವಳಿಗೆ ಮತ್ತೆ ಬೇಕಾಗಿತ್ತು. ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಾಗಿತ್ತು.

ಇಳಿಹಗಲಿನ ಅಸರ್ ನಮಾಝು ಮುಗಿಸಿ ಬಂದ ಅತ್ತೆಯ ಮುಂದೆ ಎರಡೂ ಬಟ್ಟಲುಗಳನ್ನು ತಂದಿಟ್ಟಳು. ಕುದಿಸಿದ ರಸ ಬಿದ್ದದ್ದು ಓರೆ ಮಾಡಿದರೂ ಅಲುಗಲಿಲ್ಲ. ಹಸಿ ರಸದ ಬಟ್ಟಲಿನಲ್ಲಿ ಗುಳಿ ಬಿದ್ದು, ಅದರೊಳಗೆ ತೆಳ್ಳಗಿನ ಹಾಲು ತುಂಬಿತ್ತು.

"ಹಸಿ ಅನಾನಸಲ್ಲಿ ಒಂದು ಎನ್ಝೈಮ್ ಉಂಟು ಮಾಮಿ. ಜೆಲಾಟಿನ್ ಅಂದ್ರೆ ಪ್ರೋಟೀನ್, ಅದನ್ನು ತುಂಡು ತುಂಡು ಮಾಡ್ತದೆ. ತಾನು ಮಾತ್ರ ಖರ್ಚಾಗುದಿಲ್ಲ. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗ್ತದೆ, ಹಾಗಾಗಿ ಒಂದು ಚಮಚವೇ ಸಾಕು. ಕುದಿಸಿದ್ರೆ ಅದರ ಆಕಾರವೇ ಹಾಳಾಗ್ತದೆ, ಮತ್ತೆ ಅದಕ್ಕೆ ಎಂತ ಮಾಡ್ಲಿಕ್ಕೂ ಆಗುದಿಲ್ಲ."

"ಹಾಗಾದ್ರೆ ನನ್ನ ಚೈನಾಗ್ರಾಸಿಗೆ ಇಷ್ಟು ವರ್ಷ ಯಾಕೆ ಎಂತದೂ ಆಗ್ಲಿಲ್ಲ?"

"ಅದು ಕಡಲ ಪಾಚಿಯದ್ದು, ಪ್ರೋಟೀನ್ ಅಲ್ಲ. ಅನಾನಸಿನ ಕತ್ತರಿ ಅದಕ್ಕೆ ತಾಗುದಿಲ್ಲ."

ತನ್ನ ಪುಡ್ಡಿಂಗೇ ಸರಿ ಎಂದು ತೀರ್ಮಾನವಾದದ್ದು ಝೈನಬ್‌ರಿಗೆ ಬಹಳ ಹಿಡಿಸಿತು. ಅಣ್ಣನಿಗೆ ಇವತ್ತೇ ಹೇಳಬೇಕು ಎಂದರು. ಆಮೇಲೆ ಸೊಸೆಯ ಮುಖವನ್ನೇ ನೋಡಿದರು.

"ಈ ಮನೆಗೆ ಬಂದ ಮೇಲೆ ನೀನು ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ ಮಾರಾಯ್ತಿ."

ಈಗ ಹೇಳದಿದ್ದರೆ ಜೂನ್ ಕಳೆದೇ ಹೋಗುತ್ತದೆ ಎಂದು ಸಬೀನಾಳಿಗೆ ಅನಿಸಿತು.

"ಮಾಮಿ, ನನಗೆ ಜೂನಲ್ಲಿ ಕಾಲೇಜಿಗೆ ಹೋಗ್ಬೇಕು ಅಂತ ಉಂಟು. ಮರ್ವಾ ನಿಮ್ಮ ಹತ್ತಿರ ಇರ್ಬೇಕಾಗ್ತದೆ."

ಮೊದಲು ಅತ್ತೆಯ ಮಂಡಿನೋವಿನ ಕತೆ ಬಂತು. ಮರ್ವಾ ಒಂದು ಕಡೆ ಕೂರುವ ಮಗುವಲ್ಲ, ಗೇಟು ತೆಗೆದಿದ್ದರೆ ರಸ್ತೆಗೇ ಓಡುವವಳು ಎಂಬುದೂ ಬಂತು. ಎಲ್ಲವೂ ನಿಜವೇ. ಆದರೂ ಸಬೀನಾ ಕೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಸಂಜೆ ಬಸ್ಸು ಇಲ್ಲಿಗೆ ಮುಟ್ಟುವಾಗ ಎಷ್ಟಾಗ್ತದೆ?" ಎಂದರು ಝೈನಬ್.

"ಬೇಗ ಬರ್ತೇನೆ. ಲ್ಯಾಬ್ ಇದ್ದ ದಿನ ಮಾತ್ರ ತಡ ಆಗ್ತದೆ."

"ಲ್ಯಾಬ್ ಯಾವ ಯಾವ ದಿನ?"

ಅದು ಅವಳಿಗೂ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದವಳು, ಕೈ ಒರೆಸಿಕೊಂಡು, ಡ್ಯಾಫ್ನಿಗೆ ಫೋನು ಮಾಡಲು ಹೊರಗೆ ಬಂದಳು.