ಬದರಿಯಲ್ಲಿ ಬೇಯದ ಹುರುಳಿಕಾಳು

ನಮ್ಮವ್ವನ ಪ್ರಕಾರ ಕುಕ್ಕರಿನಲ್ಲಿ ಬೇಯಿಸಿದ್ದು ಅಡುಗೆಯೇ ಅಲ್ಲ, ಆಸ್ಪತ್ರೆ ಊಟ. ಗುತ್ತಲಿನ ನಮ್ಮ ಮನೆಗೆ ಇವತ್ತಿಗೂ ಕುಕ್ಕರ್ ಬಂದಿಲ್ಲ. ಈ ಮಾತನ್ನು ಅವ್ವ ಮಳವಳ್ಳಿಯ ಬೀಗಿತ್ತಿಯ, ಅಂದರೆ ನನ್ನ ತಂಗಿಯ ಅತ್ತೆಯ, ಎದುರಿಗೇ ಸಾರಿ ಹೇಳಿದ್ದಳು. ಅವರೋ ಕುಕ್ಕರ್ ಕೂಗದಿದ್ದರೆ ಬೆಳಗಾಯಿತೆಂದೇ ಒಪ್ಪದವರು.

ಹೋದ ವರ್ಷ ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಬದರಿಗೆ ಕರೆದೊಯ್ಯುವ ದುರ್ಬುದ್ಧಿ ನನಗೆ ಬಂತು. ನಮ್ಮ ಕಡೆಯವರು ಕೈಲಾಸಕ್ಕೆ ಹೊರಟರೂ ರಾಗಿಹಿಟ್ಟು ಕಟ್ಟಿಕೊಂಡೇ ಹೊರಡುವುದು. ದಾರಿಯುದ್ದಕ್ಕೂ ರೊಟ್ಟಿ ತಿಂದು ಸೊರಗಿದ್ದ ವ್ಯಾನಿನವರಿಗೆಲ್ಲ ಅವ್ವ ಮಾತು ಕೊಟ್ಟುಬಿಟ್ಟಳು: "ಬದರೀಲಿ ಎಲ್ರುಗೂ ಮುದ್ದೆ, ಉಳ್ಳಿಕಾಳು ಸಾರು. ನಾನ್ ಮಾಡ್ತೀನಿ."

ಛತ್ರದ ಅಡುಗೆಮನೆಯಲ್ಲಿ ಪಾತ್ರೆಯಿಟ್ಟಳು. ನೀರು ಬೇಗನೆ ಕೊತಕೊತ ಕುದಿಯಿತು. ಅವ್ವ ಬೀಗಿತ್ತಿಯ ಕಡೆಗೊಂದು ನೋಟ ಬೀರಿದಳು. ಆದರೆ ಹೊತ್ತು ನೆತ್ತಿಗೆ ಬಂದರೂ ನೆನೆಸಿದ ಕಾಳು ಗೋಲಿಯಂತೆ ಗಟ್ಟಿಯಾಗಿಯೇ ಕುಣಿಯುತ್ತಿತ್ತು.

"ಎತ್ತರದಲ್ಲಿ ಗಾಳಿ ಒತ್ತಡ ಕಮ್ಮಿ ಕಣವ್ವ. ನೀರು ಸರಿಯಾಗಿ ಕಾಯೋ ಮೊದ್ಲೇ ಕುದ್ದೋಯ್ತದೆ. ಆಮೇಲೆ ಎಷ್ಟು ಉರಿ ಕೊಟ್ರೂ ಬಿಸಿ ಏರಲ್ಲ" ಎಂದೆ.

"ಕುದಿಯೋ ನೀರು ಬಿಸಿ ಇಲ್ವಂತೆ! ಎಲ್ಲಿ, ಕೈ ಆಕು ನೋಡಾನ!"

ನಾನು ಕೈ ಹಾಕಲಿಲ್ಲ. ಅವಳು ಗ್ಯಾಸನ್ನು ಬೈದಳು, ಕಾಳು ಕೊಟ್ಟ ಅಂಗಡಿಯವನನ್ನು ಬೈದಳು, ಕೊನೆಗೆ ಹಿಮಾಲಯವನ್ನೂ ಬಿಡಲಿಲ್ಲ. ಹೊರಗೆ ಹಸಿದವರು ತಟ್ಟೆ ಬಡಿಯತೊಡಗಿದಾಗ ಅವಳ ಕಣ್ಣು ತುಂಬಿತು. "ಬೀಗಿತ್ತಿ ಮುಂದೆ ಮಾನ ಓಯ್ತಲ್ಲೋ" ಎಂದಳು ಮೆಲ್ಲಗೆ. ನನಗೆ ನಿಜಕ್ಕೂ ಸಂಕಟವಾಯಿತು.

ಬೀಗಿತ್ತಿ ಎದ್ದು ಹೋಗಿ ತಮ್ಮ ಕಂಬಳಿ ಗಂಟನ್ನು ತಂದು ಬಿಚ್ಚಿದರು. ಒಳಗೆ ಕುಕ್ಕರ್!

"ಕ್ವಾಪ ಮಾಡ್ಕಬ್ಯಾಡ ಕಣಕ್ಕ. ಆವೀನ ಒಳಗೇ ಕೂಡಾಕುದ್ರೆ ಬೇಯ್ತದೆ. ನಾನ್ ಯಾರ್ಗೂ ಏಳಲ್ಲ ಬುಡು."

ಅವ್ವ ಅತ್ತಿತ್ತ ನೋಡಿ ನನಗೆ, "ಬಾಗ್ಲು ಆಕ್ಲಾ" ಎಂದಳು.

ಬಾಗಿಲು ಹಾಕಿದರೆ ವಿಷಲ್ ನಿಲ್ಲುತ್ತದೆಯೇ? ಮೊದಲನೆಯದು ಕೂಗಿದ್ದೇ ತಡ, ಅದನ್ನು ಮುಚ್ಚಲು ಅವ್ವ ಗಂಟಲು ಹರಿಯುವಂತೆ "ಗೋವಿಂದಾ!" ಎಂದಳು. ಹೊರಗಿನವರೆಲ್ಲ ಭಕ್ತಿಯಿಂದ "ಗೋವಿಂದ!" ಎಂದರು. ಕುಕ್ಕರ್ ಕೂಗಿದಾಗಲೆಲ್ಲ ಇದೇ ಭಜನೆ. "ಏನ್ ಭಕ್ತಿ ಈವಮ್ಮಂದು!" ಎಂದು ಯಾರೋ ಅಂದದ್ದು ಕೇಳಿ ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಊಟಕ್ಕೆ ಕುಳಿತವರು ಅವ್ವನ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು. ಬೀಗಿತ್ತಿ ತಲೆತಗ್ಗಿಸಿ ಮುದ್ದೆ ಮುರಿಯುತ್ತಿದ್ದರು, ಕುಕ್ಕರಿನ ಸುದ್ದಿ ಎತ್ತಲಿಲ್ಲ. ಅವ್ವ ಅವರನ್ನೇ ಸ್ವಲ್ಪ ಹೊತ್ತು ನೋಡಿ ಸೌಟು ಕೆಳಗಿಟ್ಟಳು.

"ನನ್ ಕೈಲಿ ಕಾಳು ಬೇಯ್ನಿಲ್ಲ ಕಣ್ರಪ್ಪ. ಕುಕ್ಕರ್ ಇಕ್ಕಿದ್ದು ನಮ್ ಬೀಗಿತ್ತಿ. ಸಾರು ಅವರ್ದು."

ಬೀಗಿತ್ತಿ ಗಾಬರಿಯಿಂದ ತಲೆಯೆತ್ತಿದರು.

"ಉಪ್ಪು ಆಕಿದ್ದು ಮಾತ್ರ ನಾನಲ್ಲ ಕಣಕ್ಕ!"

ಅಲ್ಲಿಯವರೆಗೆ ಹೊಗಳುತ್ತಿದ್ದವರೆಲ್ಲ ಒಟ್ಟಿಗೇ ನೀರಿನ ಲೋಟಕ್ಕೆ ಕೈ ಹಾಕಿದರು.